ಕೈರಾನಾದಿಂದ ಕುಂದಗೋಳಕ್ಕೆ, ಕುಂದಗೋಳದಿಂದ ಜಗತ್ತಿಗೆ: ಉಸ್ತಾದ್ ಅಬ್ದುಲ್ ಕರೀಂ ಖಾನ್ ಸಾಹೇಬರು



ವಿಶ್ವವೇದಿಕೆ ಎಂಬ ಮಾತು ಕೇಳಿದ ಕೂಡಲೇ ನಮ್ಮ ಕಣ್ಣ ಮುಂದೆ ವಿಮಾನ, ಲಂಡನ್, ನ್ಯೂಯಾರ್ಕ್, ದೊಡ್ಡ ಸಭಾಂಗಣಗಳು ಬರುತ್ತವೆ. ಆದರೆ ವಿದೇಶ ಪ್ರವಾಸ ಮಾಡಿ ಹೆಸರು ಗಳಿಸದೆಯೂ ಜಗತ್ತಿಗೆ ದನಿ ಮುಟ್ಟಿಸಿದ ಒಬ್ಬ ಗಾಯಕರಿದ್ದರು. ಅವರ ಜೀವನದ ಬಹುಭಾಗ ಕಳೆದದ್ದು ನಮ್ಮ ಸೀಮೆಯ ರೈಲುದಾರಿಯಲ್ಲಿ. ಮಿರಜ, ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಕುಂದಗೋಳ, ಮೈಸೂರು, ಇವು ಅವರು ಓಡಾಡಿದ ಊರುಗಳು. ಅವರು ಉಸ್ತಾದ್ ಅಬ್ದುಲ್ ಕರೀಂ ಖಾನ್. ಹಿಂದುಸ್ತಾನಿ ಸಂಗೀತ ಬಲ್ಲವರು ಅವರನ್ನು ಇಂದಿಗೂ ಪ್ರೀತಿಯಿಂದ ಖಾನ್ ಸಾಹೇಬರು ಎಂದೇ ಕರೆಯುತ್ತಾರೆ.

ಧಾರವಾಡ ಭಾಗ ಹಿಂದುಸ್ತಾನಿ ಸಂಗೀತದ ತವರು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಮುಂತಾದವರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿಯೂ, ಸ್ಪರ್ಧಾತ್ಮಕ ಪರೀಕ್ಷೆಗಳ ಪ್ರಶ್ನೆಗಳಲ್ಲಿಯೂ ಬರುತ್ತವೆ. ಆದರೆ ಉತ್ತರ ಭಾರತದ ಈ ಸಂಗೀತ ಕನ್ನಡ ನಾಡಿಗೆ ಹೇಗೆ ಬಂತು, ಯಾರು ತಂದರು ಎಂಬ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಿಕೊಳ್ಳುವುದಿಲ್ಲ. ಆ ಪ್ರಶ್ನೆಗೆ ಸಿಗುವ ಉತ್ತರಗಳಲ್ಲಿ ಬಹು ದೊಡ್ಡದು ಖಾನ್ ಸಾಹೇಬರ ಜೀವನ.

ಹುಟ್ಟು ಮತ್ತು ಬಾಲ್ಯ

ಅಬ್ದುಲ್ ಕರೀಂ ಖಾನ್ ಅವರು 1872ರಲ್ಲಿ ಉತ್ತರ ಪ್ರದೇಶದ ಕೈರಾನಾ ಎಂಬ ಊರಿನಲ್ಲಿ ಜನಿಸಿದರು. ಆಗ ಅದು ಮುಜಫ್ಫರನಗರ ಜಿಲ್ಲೆಯಲ್ಲಿತ್ತು, ಈಗ ಶಾಮ್ಲಿ ಜಿಲ್ಲೆಗೆ ಸೇರಿದೆ. ಈ ಊರಿನ ಹೆಸರಿನಿಂದಲೇ ಕಿರಾನಾ ಘರಾಣೆ ಎಂಬ ಹೆಸರು ಬಂದಿತು. ಘರಾಣೆ ಎಂದರೆ ಒಂದು ಮನೆತನದಲ್ಲಿ ಬೆಳೆದು, ಶಿಷ್ಯರ ಮೂಲಕ ಮುಂದುವರಿಯುವ ಹಾಡುಗಾರಿಕೆಯ ಪದ್ಧತಿ.

ಅವರದು ತಲೆಮಾರುಗಳಿಂದ ಸಂಗೀತವನ್ನೇ ನಂಬಿ ಬದುಕಿದ ಮನೆತನ. ತಂದೆ ಕಾಲೇ ಖಾನ್. ತಂದೆ ಮತ್ತು ಚಿಕ್ಕಪ್ಪ ಅಬ್ದುಲ್ಲಾ ಖಾನ್ ಅವರಿಂದ ಬಾಲಕನಿಗೆ ಪಾಠವಾಯಿತು. ಹಾಡುಗಾರಿಕೆಯ ಜೊತೆಗೆ ಸಾರಂಗಿ, ಬೀನ್, ಸಿತಾರ, ತಬಲಾಗಳಲ್ಲೂ ಕೈ ಪಳಗಿತು. ಮುಂದೆ ಅವರ ಹಾಡುಗಾರಿಕೆಯಲ್ಲಿ ಕಂಡ ಸ್ವರದಿಂದ ಸ್ವರಕ್ಕೆ ಕಡಿಯದೆ ಜಾರುವ ಗುಣಕ್ಕೆ ಸಾರಂಗಿ ಮತ್ತು ಬೀನ್‌ಗಳ ಅಭ್ಯಾಸವೇ ಕಾರಣ ಎಂದು ಬಲ್ಲವರು ಹೇಳುತ್ತಾರೆ.

ಆ ಕಾಲದಲ್ಲಿ ಸಂಗೀತಗಾರನಿಗೆ ಅನ್ನ ಹುಟ್ಟುತ್ತಿದ್ದುದು ರಾಜರ ಆಸ್ಥಾನದಲ್ಲಿ. ಯುವಕ ಅಬ್ದುಲ್ ಕರೀಂ ತಮ್ಮ ಸಹೋದರನೊಡನೆ ಊರು ಬಿಟ್ಟು ಹೊರಟು, ಅಲ್ಲಲ್ಲಿ ಹಾಡುತ್ತ ಬರೋಡಾ ತಲುಪಿದರು. ಅಲ್ಲಿನ ಗಾಯಕವಾಡರ ಆಸ್ಥಾನದಲ್ಲಿ ಸ್ಥಾನ ಸಿಕ್ಕಿತು. ನೆಮ್ಮದಿಯ ಜೀವನ ಮುಂದಿತ್ತು. ಆದರೆ ಅವರು ಅಲ್ಲಿ ಬಹಳ ಕಾಲ ಉಳಿಯಲಿಲ್ಲ. ರಾಜಮನೆತನಕ್ಕೆ ಹತ್ತಿರದ ಸರದಾರ ಮಾರುತಿರಾವ್ ಮಾನೆ ಅವರ ಮಗಳು ತಾರಾಬಾಯಿಯವರಿಗೆ ಅವರು ಸಂಗೀತ ಹೇಳಿಕೊಡುತ್ತಿದ್ದರು. ಇಬ್ಬರಲ್ಲೂ ಪ್ರೀತಿ ಹುಟ್ಟಿ ಮದುವೆಯ ನಿರ್ಧಾರವಾಯಿತು. ಜಾತಿ, ಧರ್ಮ, ಅಂತಸ್ತು ಮೂರೂ ಬೇರೆಯಾಗಿದ್ದ ಈ ಮದುವೆಗೆ ಬರೋಡಾದಲ್ಲಿ ಜಾಗವಿರಲಿಲ್ಲ. ಇಬ್ಬರೂ ಊರು ಬಿಟ್ಟು ಮುಂಬಯಿಗೆ, ಅಲ್ಲಿಂದ ಮುಂದೆ ಮಿರಜಕ್ಕೆ ಬಂದರು.

ಮಿರಜ ಎಂಬ ಆಸರೆ

ಮಿರಜ ನಮಗೆ ದೂರದ ಊರಲ್ಲ. ಬೆಳಗಾವಿಯಿಂದ ರೈಲು ಹತ್ತಿದರೆ ಕೆಲವೇ ತಾಸುಗಳ ದಾರಿ. ಆಸ್ಪತ್ರೆಗೆಂದು ನಮ್ಮ ಹಿರಿಯರು ಹೋಗುತ್ತಿದ್ದ ಊರು. ಆಗ ಅದು ಪಟವರ್ಧನ ಮನೆತನದ ಸಂಸ್ಥಾನವಾಗಿತ್ತು. ಅಲ್ಲಿನ ಖ್ವಾಜಾ ಮೀರಾಸಾಹೇಬರ ದರ್ಗಾ ಸುತ್ತಲಿನ ಎಲ್ಲ ಜಾತಿಮತದ ಜನ ನಡೆದುಕೊಳ್ಳುವ ಸ್ಥಳ. ಪ್ಲೇಗು ಬೇನೆ ಬಿದ್ದ ದಿನಗಳಲ್ಲಿ ಖಾನ್ ಸಾಹೇಬರು ಆ ದರ್ಗಾದಲ್ಲಿ ಹಾಡಿ ಬೇಡಿಕೊಂಡು ಗುಣವಾದರೆಂದು ಜನ ಹೇಳುತ್ತ ಬಂದಿದ್ದಾರೆ. ಅಂದಿನಿಂದ ಮಿರಜ ಅವರ ಊರಾಯಿತು. ಪ್ರತಿ ವರ್ಷ ಉರುಸಿನಲ್ಲಿ ದರ್ಗಾದ ಆವರಣದಲ್ಲಿ ಅವರು ಹಾಡುತ್ತಿದ್ದರು.

ಮಿರಜ ತಂಬೂರಿ ತಯಾರಿಕೆಗೆ ಹೆಸರಾದ ಊರು ಎಂಬುದು ನಿಮಗೆ ಗೊತ್ತಿರಬಹುದು. ದೊಡ್ಡ ಕುಂಬಳದ ಬುರುಡೆಯನ್ನು ಒಣಗಿಸಿ, ಕೊರೆದು, ಕಟ್ಟಿಗೆಯ ದಂಡಿಗೆ ಜೋಡಿಸಿ ಅಲ್ಲಿನ ಸಿತಾರ್‌ಮೇಕರ್ ಮನೆತನಗಳವರು ತಂಬೂರಿ, ಸಿತಾರಗಳನ್ನು ಮಾಡುತ್ತಾರೆ. ಖಾನ್ ಸಾಹೇಬರಿಗೆ ಇಂಥ ಊರು ಒಪ್ಪುವಂಥದೇ. ಅವರು ವಾದ್ಯದ ರಿಪೇರಿಯನ್ನು ಸ್ವತಃ ಬಲ್ಲವರು. ತಂಬೂರಿಯ ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ಅವರು ಹಾಡಲು ಆರಂಭಿಸುತ್ತಿರಲಿಲ್ಲ. ತಂಬೂರಿ ಕೂಡಿಸುವುದಕ್ಕೇ ಬಹಳ ಹೊತ್ತು ತೆಗೆದುಕೊಳ್ಳುತ್ತಿದ್ದರು.

ಸ್ವರದ ಬಗೆಗಿನ ಈ ಶ್ರದ್ಧೆ ಅವರನ್ನು ಶಾಸ್ತ್ರಜ್ಞರ ಬಳಿಗೂ ಒಯ್ದಿತು. ನಮ್ಮ ಸಂಗೀತದಲ್ಲಿ ಒಂದು ಸಪ್ತಕಕ್ಕೆ 22 ಶ್ರುತಿಗಳಿವೆ ಎಂದು ಹಳೆಯ ಗ್ರಂಥಗಳು ಹೇಳುತ್ತವೆ. ಹಾಡುವಾಗ ಅವು ನಿಜವಾಗಿ ಎಲ್ಲಿ ಬೀಳುತ್ತವೆ ಎಂದು ಅಳೆಯಲು ಸಾಂಗಲಿಯ ಕೆ. ಬಿ. ದೇವಲ್ ಎಂಬ ವಿದ್ವಾಂಸರು ಹೊರಟರು. ಅವರಿಗೆ ಸ್ವರ ಹಾಡಿ ತೋರಿಸಿದವರು ಖಾನ್ ಸಾಹೇಬರು. ದೇವಲ್ ಅವರ ಪುಸ್ತಕ 1910ರಲ್ಲಿ ಬಂದಿತು. ಅದೇ ವಿಷಯದಲ್ಲಿ ಆಸಕ್ತಿಯಿದ್ದ ಇಂಗ್ಲಿಷ್ ನ್ಯಾಯಾಧೀಶ ಅರ್ನೆಸ್ಟ್ ಕ್ಲೆಮೆಂಟ್ಸ್ ಅವರ ಪುಸ್ತಕ 1913ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ತಮ್ಮ ವಿದ್ಯೆಯನ್ನು ಮನೆಯ ಗುಟ್ಟೆಂದು ಮುಚ್ಚಿಡುತ್ತಿದ್ದ ಉಸ್ತಾದರ ಕಾಲದಲ್ಲಿ, ಅಳತೆಗೋಲಿನ ಮುಂದೆ ಕುಳಿತು ಹಾಡಲು ಒಪ್ಪಿದ್ದು ಸಣ್ಣ ಮಾತಲ್ಲ.

ರೈಲುದಾರಿ ಮತ್ತು ಮೈಸೂರು ದಸರೆ

ಹತ್ತೊಂಬತ್ತನೆಯ ಶತಮಾನ ಮುಗಿಯುವ ಮೊದಲೇ ಪುಣೆಯಿಂದ ಮಿರಜ, ಬೆಳಗಾವಿ, ಲೋಂಡಾ, ಧಾರವಾಡ, ಹುಬ್ಬಳ್ಳಿ ಮಾರ್ಗವಾಗಿ ಬೆಂಗಳೂರಿನವರೆಗೆ ಮೀಟರ್ ಗೇಜ್ ರೈಲು ಓಡತೊಡಗಿತ್ತು. ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಿಗೆ ರೈಲು ಬರಲಿಲ್ಲ. ಅದು ನಮ್ಮ ಪಕ್ಕದಿಂದಲೇ ಹಾದುಹೋಯಿತು. ಆದರೆ ಆ ರೈಲು ಹತ್ತಿಯನ್ನೂ ಜನರನ್ನೂ ಸಾಗಿಸಿದಂತೆ ಸಂಗೀತವನ್ನೂ ಸಾಗಿಸಿತು.

ಮೈಸೂರು ಅರಮನೆಯ ದಸರೆಯಲ್ಲಿ ಕರ್ನಾಟಕ ಸಂಗೀತದ ವಿದ್ವಾಂಸರ ಜೊತೆಗೆ ಉತ್ತರದ ಉಸ್ತಾದರಿಗೂ ಮರ್ಯಾದೆ ಇತ್ತು. ಖಾನ್ ಸಾಹೇಬರು ಮೈಸೂರಿಗೆ ಮತ್ತೆ ಮತ್ತೆ ಬರುವವರಾದರು. ಆಸ್ಥಾನ ಅವರಿಗೆ ಸಂಗೀತರತ್ನ ಎಂಬ ಬಿರುದು ನೀಡಿತು. ಮಿರಜದಿಂದ ಮೈಸೂರಿಗೆ ಹೋಗುವಾಗ, ಬರುವಾಗ ಧಾರವಾಡದಲ್ಲಿದ್ದ ಸಹೋದರನ ಮನೆಯಲ್ಲಿ ಇಳಿದುಕೊಳ್ಳುವುದು ರೂಢಿಯಾಯಿತು. ಹಿಂದುಸ್ತಾನಿ ಸಂಗೀತ ಧಾರವಾಡದಲ್ಲಿ ಬೇರೂರಲು ಈ ತಂಗುವಿಕೆ ಒಂದು ಮುಖ್ಯ ಕಾರಣ.

ಮೈಸೂರಿನಲ್ಲಿ ಅವರು ಬರೀ ಹಾಡಿ ಬರಲಿಲ್ಲ, ಕೇಳಿ ಕಲಿತರು. ಉತ್ತರದ ಗಾಯಕರಲ್ಲಿ ಹಲವರು ದಕ್ಷಿಣದ ಸಂಗೀತವನ್ನು ಬೇರೆ ಮನೆಯ ವಿದ್ಯೆ ಎಂದು ಬದಿಗಿಟ್ಟ ಕಾಲವದು. ಖಾನ್ ಸಾಹೇಬರು ಕರ್ನಾಟಕ ಸಂಗೀತದ ಸ್ವರಕಲ್ಪನೆಯನ್ನು ಗಮನವಿಟ್ಟು ಕೇಳಿದರು. ಸರಿಗಮಗಳನ್ನು ಹೆಸರು ಹಿಡಿದು ಹಾಡುವ ಆ ಕ್ರಮವನ್ನು ತಮ್ಮ ಖಯಾಲಿನಲ್ಲಿ ಬಳಸಿದರು. ಹಿಂದುಸ್ತಾನಿ ಕಛೇರಿಯಲ್ಲಿ ಇಂದು ಸರಗಮ್ ಎಂದು ಸಲೀಸಾಗಿ ಕೇಳುವ ಭಾಗ ಹೀಗೆ ಬಲ ಪಡೆಯಿತು. ಖರಹರಪ್ರಿಯ, ಸಾವೇರಿಯಂಥ ದಕ್ಷಿಣದ ರಾಗಗಳನ್ನೂ ಹಾಡಿದರು. ತ್ಯಾಗರಾಜರ ತೆಲುಗು ಕೀರ್ತನೆಯೊಂದನ್ನು ಕಲಿತು ಗ್ರಾಮಫೋನ್ ತಟ್ಟೆಗೂ ಹಾಡಿದರು. ಮದ್ರಾಸಿನಲ್ಲಿ ವೀಣೆ ಧನಮ್ಮಾಳ್ ಅವರ ಮನೆಯಲ್ಲಿ ಅವರಿಗೆ ಆದರವಿತ್ತು. ಬಹು ಕಟ್ಟುನಿಟ್ಟಿನ ಕೇಳುಗರು ಕೂಡುತ್ತಿದ್ದ ಮನೆ ಅದು. ದಕ್ಷಿಣ ಭಾರತದ ಉದ್ದಗಲಕ್ಕೂ ಆಮಂತ್ರಣ ಪಡೆದು ಹಾಡಿದ ಮೊದಲ ಹಿಂದುಸ್ತಾನಿ ಗಾಯಕರಲ್ಲಿ ಅವರೊಬ್ಬರು.

ಅವರ ದನಿ ಗಡುಸಾದುದಲ್ಲ. ತೆಳುವಾದ, ಎತ್ತರದ, ತುಸು ಮೂಗಿನಿಂದ ಬಂದಂತೆ ಕೇಳುವ ದನಿ. ಗಟ್ಟಿ ಕಂಠದ ಗಾಯಕರೇ ದೊಡ್ಡವರೆಂದು ಜನ ತಿಳಿದಿದ್ದ ಕಾಲದಲ್ಲಿ ಅವರು ತಮಗೆ ದೇವರು ಕೊಟ್ಟ ದನಿಗೆ ಒಪ್ಪುವ ದಾರಿಯನ್ನು ಹುಡುಕಿಕೊಂಡರು. ತಾಳದ ಕಸರತ್ತು, ತಾನಿನ ಸುರಿಮಳೆ ಕಡಿಮೆ ಮಾಡಿ, ಒಂದೊಂದು ಸ್ವರದ ಮೇಲೂ ನಿಂತು, ಅದರ ಸುತ್ತ ರಾಗವನ್ನು ನಿಧಾನವಾಗಿ ಬೆಳೆಸಿದರು. ವಿಳಂಬಿತ ಲಯದ ಖಯಾಲು, ಸ್ವರದ ನಿಖರತೆ, ಕರುಣ ರಸ, ಇವು ಕಿರಾನಾ ಘರಾಣೆಯ ಗುರುತಾದವು.

ಕುಂದಗೋಳದ ಹುಡುಗ

ಹುಬ್ಬಳ್ಳಿಯಿಂದ ಸುಮಾರು 20 ಕಿಲೋಮೀಟರ್ ದೂರದ ಕುಂದಗೋಳ ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿನ ನಾಡಿಗೇರ ಮನೆತನದವರು ಸಂಗೀತಪ್ರಿಯರು. ಅವರ ವಾಡೆಯಲ್ಲಿ ಖಾನ್ ಸಾಹೇಬರ ಬೈಠಕ್ ನಡೆಯುತ್ತಿತ್ತು. ಅದೇ ಊರಿನಲ್ಲಿ ರಾಮಚಂದ್ರ ಗಣೇಶ ಸೌಂಶಿ ಎಂಬ ಬ್ರಾಹ್ಮಣ ಹುಡುಗನಿದ್ದ. 1886ರಲ್ಲಿ ಹುಬ್ಬಳ್ಳಿ ಬಳಿಯ ಅಮರಗೋಳದಲ್ಲಿ ಹುಟ್ಟಿದವನು. ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಶಾಲೆಯಲ್ಲಿ ಓದುತ್ತಿದ್ದವನು. ಓದಿಗಿಂತ ಹಾಡಿನ ಮೇಲೆ ಮನಸ್ಸು. ಖಾನ್ ಸಾಹೇಬರು ಹಾಡಿದ ಠುಮ್ರಿಯೊಂದನ್ನು ಕೇಳಿ ಆ ಹುಡುಗ ಅದನ್ನು ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದುದು ಉಸ್ತಾದರ ಕಿವಿಗೆ ಬಿದ್ದಿತೆಂದೂ, ಅವರು ವಿಚಾರಿಸಿ ಶಿಷ್ಯನಾಗಿ ತೆಗೆದುಕೊಂಡರೆಂದೂ ಆ ಭಾಗದಲ್ಲಿ ಇಂದಿಗೂ ಹೇಳುತ್ತಾರೆ.

ಆಗಿನ ಕಾಲದಲ್ಲಿ ಇದು ಎರಡೂ ಕಡೆಯಿಂದ ಸುಲಭದ ಮಾತಾಗಿರಲಿಲ್ಲ. ಮಡಿಮೈಲಿಗೆಯ ಮನೆಯ ಹುಡುಗ ಮುಸ್ಲಿಂ ಉಸ್ತಾದರ ಸೇವೆ ಮಾಡಿಕೊಂಡು ಕಲಿಯಬೇಕು. ಉಸ್ತಾದರಾದವರು ಮನೆತನದ ವಿದ್ಯೆಯನ್ನು ರಕ್ತಸಂಬಂಧವಿಲ್ಲದ, ಭಾಷೆಯೂ ಬೇರೆಯಾದ ಹುಡುಗನಿಗೆ ಧಾರೆಯೆರೆಯಬೇಕು. ವಿದ್ಯೆ ಮಗನಿಗೆ, ಹೆಚ್ಚೆಂದರೆ ಅಳಿಯನಿಗೆ ಎಂಬ ನಂಬಿಕೆ ಉಸ್ತಾದ್ ಮನೆತನಗಳಲ್ಲಿ ಗಟ್ಟಿಯಾಗಿತ್ತು. ಖಾನ್ ಸಾಹೇಬರು ಆ ಗೋಡೆಯನ್ನು ದಾಟಿದರು. ಹರೆಯಕ್ಕೆ ಬಂದಾಗ ಹುಡುಗನ ಕಂಠ ಒಡೆದು ಒರಟಾಯಿತು. ಆದರೂ ಗುರು ಕೈ ಬಿಡಲಿಲ್ಲ. ವರ್ಷಗಟ್ಟಲೆ ಸ್ವರಸಾಧನೆ ಮಾಡಿಸಿ ಆ ಕಂಠವನ್ನು ತಿದ್ದಿದರು. ಕುಂದಗೋಳದ ರಾಮಭಾವು ಮುಂದೆ ಮರಾಠಿ ಸಂಗೀತ ನಾಟಕಗಳಲ್ಲಿ ಹೆಸರು ಮಾಡಿ, ಸವಾಯಿ ಗಂಧರ್ವ ಎಂಬ ಬಿರುದಿನಿಂದ ದೇಶಕ್ಕೆಲ್ಲ ಪರಿಚಿತರಾದರು.

1913ರಲ್ಲಿ ಖಾನ್ ಸಾಹೇಬರು ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ಎಂಬ ಶಾಲೆ ತೆರೆದರು. ಬಡ ಮಕ್ಕಳನ್ನು ಮನೆಯಲ್ಲೇ ಇಟ್ಟುಕೊಂಡು, ಊಟ ಹಾಕಿ, ಪಾಠ ಹೇಳಿದರು. ಕಛೇರಿಗಳಿಂದ ಬಂದ ಹಣ ಶಾಲೆಗೆ ಹೋಗುತ್ತಿತ್ತು. ಟಿಪ್ಪು ಮಿಯಾ ಎಂಬ ಅವರ ನಾಯಿ ಕೂಡ ಸ್ವರಕ್ಕೆ ದನಿ ಕೂಡಿಸಲು ಕಲಿತಿತ್ತೆಂದು ಹೇಳುವುದನ್ನು ಕೇಳಿದರೆ, ಆ ಮನೆಯಲ್ಲಿ ದಿನವಿಡೀ ಏನು ನಡೆಯುತ್ತಿತ್ತೆಂದು ಊಹಿಸಬಹುದು.

ಮನೆಯ ನೋವು

ಖಾನ್ ಸಾಹೇಬರ ಬದುಕು ಬರೀ ಬಿರುದು ಸನ್ಮಾನಗಳ ಕಥೆಯಲ್ಲ. ತಾರಾಬಾಯಿಯವರೊಡನೆ ಕಟ್ಟಿಕೊಂಡ ಸಂಸಾರ 1922ರಲ್ಲಿ ಮುರಿಯಿತು. ತಾರಾಬಾಯಿಯವರು ಐವರು ಮಕ್ಕಳನ್ನು ಕರೆದುಕೊಂಡು ಬೇರೆಯಾದರು. ಅಬ್ದುಲ್ ರೆಹಮಾನ್ ಸುರೇಶಬಾಬು ಮಾನೆಯಾದ. ಹೆಣ್ಣುಮಕ್ಕಳಾದ ಹೀರಾಬಾಯಿ, ಕಮಲಾಬಾಯಿ ಬರೋಡೇಕರ್ ಎಂಬ ಅಡ್ಡಹೆಸರಿನಿಂದ ಪ್ರಸಿದ್ಧರಾದರು. ಕಿರಿಯ ಮಗಳು ಸರಸ್ವತಿ ಮದುವೆಯ ನಂತರ ರಾಣೆಯಾದರು. ಮಕ್ಕಳ ಹೆಸರಿನಲ್ಲಿ ತಂದೆಯ ಹೆಸರು ಉಳಿಯಲಿಲ್ಲ. ಎಲ್ಲವನ್ನೂ ಬಿಟ್ಟು ಯಾರಿಗಾಗಿ ಬರೋಡಾದಿಂದ ಹೊರಟಿದ್ದರೋ ಅವರೇ ದೂರವಾದರು. ಮನೆಯೊಂದಿಗೆ ಹೆಣೆದುಕೊಂಡಿದ್ದ ಶಾಲೆಯೂ ಉಳಿಯಲಿಲ್ಲ.

ಹೀಗೆ ಹೆಸರು ಅಳಿಸಿದರೂ ಹಾಡು ಅಳಿಸಲಿಲ್ಲ ಎಂಬುದೇ ಇಲ್ಲಿನ ವಿಚಿತ್ರ. ಮಕ್ಕಳೆಲ್ಲರ ಕಂಠದಲ್ಲೂ ಕಿರಾನಾ ಇತ್ತು. ಹೀರಾಬಾಯಿ ಬರೋಡೇಕರ್ ಅವರು ಟಿಕೆಟ್ಟಿನ ಸಾರ್ವಜನಿಕ ಕಛೇರಿ ಮಾಡಿದ ಮೊದಲ ಮಹಿಳೆಯರಲ್ಲಿ ಒಬ್ಬರು. ಹೆಣ್ಣುಮಕ್ಕಳು ವೇದಿಕೆಯ ಮೇಲೆ ಮರ್ಯಾದೆಯಿಂದ ಕುಳಿತು ಹಾಡಬಹುದೆಂದು ತೋರಿಸಿದರು. 1953ರಲ್ಲಿ ಭಾರತದ ಸಾಂಸ್ಕೃತಿಕ ನಿಯೋಗದೊಡನೆ ಚೀನಾ ದೇಶಕ್ಕೂ ಹೋಗಿಬಂದರು.

ಮೂರು ನಿಮಿಷದ ತಟ್ಟೆ

1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡುಗಳನ್ನು ಧ್ವನಿಮುದ್ರಿಸಿಕೊಂಡರು. ಅದೇ ವರ್ಷ ಆತ ಇಟಲಿಯಲ್ಲಿ ಎನ್ರಿಕೊ ಕರೂಸೊ ಎಂಬ ಗಾಯಕನ ದನಿಯನ್ನೂ ಹಿಡಿದಿದ್ದರು. ಆ ತಟ್ಟೆಗಳಿಂದ ಕರೂಸೊ ಜಗತ್ಪ್ರಸಿದ್ಧರಾದರು. ಹಾಡುವವನು ಮನೆಯಲ್ಲಿದ್ದರೂ ಹಾಡು ಊರೂರು ಸುತ್ತುವ ಹೊಸ ಕಾಲ ಬಂದಿತ್ತು.

ನಮ್ಮ ಅನೇಕ ಉಸ್ತಾದರು ಈ ಯಂತ್ರಕ್ಕೆ ಹೆದರಿದರು. ವಿದ್ಯೆ ಕಳುವಾಗುತ್ತದೆ ಎಂಬ ಭಯ ಅವರದು. ಒಂದು ತಾಸು ಹಾಡುವ ರಾಗವನ್ನು ತಟ್ಟೆಯ ಒಂದು ಬದಿಯಲ್ಲಿ ಸುಮಾರು ಮೂರು ನಿಮಿಷಕ್ಕೆ ಮುಗಿಸಬೇಕೆಂಬುದು ಇನ್ನೊಂದು ಕಷ್ಟ. ಖಾನ್ ಸಾಹೇಬರು ಆ ಶತಮಾನದ ಮೊದಲ ದಶಕದಲ್ಲಿಯೇ ಗ್ರಾಮಫೋನಿಗೆ ಹಾಡಿದರು. 1930ರ ದಶಕದ ನಡುವಿನಲ್ಲಿ ಓಡಿಯನ್ ಕಂಪನಿಗೆ ಹಾಡಿದ ತಟ್ಟೆಗಳು ಅವರ ಹೆಸರನ್ನು ಮನೆಮನೆಗೆ ಮುಟ್ಟಿಸಿದವು. ಆಗ ಅವರಿಗೆ 60 ದಾಟಿತ್ತು. ಭೈರವಿ, ಝಿಂಝೋಟಿ, ಬಸಂತ ಮೊದಲಾದ ರಾಗಗಳ ಆ ತಟ್ಟೆಗಳನ್ನು ಇಂದಿಗೂ ಜಗತ್ತಿನ ನಾನಾ ಕಡೆ ಸಂಗೀತಾಸಕ್ತರು ಹುಡುಕಿ ಕೇಳುತ್ತಾರೆ.

ಗದಗಿನ ಒಂದು ಅಂಗಡಿಯಲ್ಲಿ ಹಾಕಿದ್ದ ಖಾನ್ ಸಾಹೇಬರ ಝಿಂಝೋಟಿ ರಾಗದ ಠುಮ್ರಿಯ ತಟ್ಟೆ ಒಬ್ಬ ಶಾಲಾ ಬಾಲಕನ ಕಿವಿಗೆ ಬಿದ್ದಿತು. ಹಾಗೆ ಹಾಡಲು ಕಲಿಯಲೇಬೇಕೆಂದು ಆತ ಹನ್ನೊಂದನೆಯ ವಯಸ್ಸಿನಲ್ಲಿ ಮನೆ ಬಿಟ್ಟು ಹೋದ. ಗ್ವಾಲಿಯರ್, ಜಲಂಧರ್ ಎಂದು ಗುರುವನ್ನು ಹುಡುಕುತ್ತ ಅಲೆದ. ಕೊನೆಗೆ ಗುರು ಸಿಕ್ಕಿದ್ದು ಮನೆಯ ಹತ್ತಿರವೇ, ಕುಂದಗೋಳದಲ್ಲಿ. 1936ರಲ್ಲಿ ಆತ ಸವಾಯಿ ಗಂಧರ್ವರ ಶಿಷ್ಯನಾದ. ಗುರುವಿನ ಮನೆಗೆ ನೀರು ಹೊತ್ತು ಹಾಡು ಕಲಿತ ಆ ಹುಡುಗನೇ ಭೀಮಸೇನ ಜೋಶಿ.

ಕೊನೆಯ ಪಯಣ

1937ರ ಅಕ್ಟೋಬರ್‌ನಲ್ಲಿ ಖಾನ್ ಸಾಹೇಬರು ಮದ್ರಾಸಿನಲ್ಲಿದ್ದರು. ಅಲ್ಲಿಂದ ಪಾಂಡಿಚೇರಿಗೆ ಹೋಗಿ ಹಾಡುವುದಿತ್ತು. ರೈಲಿನಲ್ಲಿ ಹೋಗುವಾಗ ಎದೆನೋವು ಕಾಣಿಸಿಕೊಂಡಿತು. ಚೆಂಗಲ್ಪಟ್ಟುವಿನ ಹತ್ತಿರದ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಶಿಷ್ಯರು ಅವರನ್ನು ಇಳಿಸಿಕೊಂಡರು. ಪ್ಲಾಟ್‌ಫಾರ್ಮಿನ ಮೇಲೆ ಹಾಸಿಗೆ ಬಿಡಿಸಿದರು. ಖಾನ್ ಸಾಹೇಬರು ನಮಾಜ್ ಮಾಡಿದರು. ತಂಬೂರಿ ಕೂಡಿಸಲು ಹೇಳಿ, ದರ್ಬಾರಿ ರಾಗದಲ್ಲಿ ಕಲ್ಮಾ ಹಾಡುತ್ತ ಹಾಗೆಯೇ ಕಣ್ಣು ಮುಚ್ಚಿದರು ಎಂದು ಜೊತೆಗಿದ್ದವರಿಂದ ಕೇಳಿದ ಮಾತು ಸಂಗೀತಲೋಕದಲ್ಲಿ ಉಳಿದುಬಂದಿದೆ. ಅಂದು ಅಕ್ಟೋಬರ್ 27. ವಯಸ್ಸು 65ರ ಹತ್ತಿರ. ಯಾವ ಅರಮನೆಯಲ್ಲೂ ಅಲ್ಲ, ರೈಲುದಾರಿಯ ಬದಿಯಲ್ಲೇ ಆ ಬದುಕು ಮುಗಿಯಿತು. ದೇಹವನ್ನು ಮಿರಜಕ್ಕೆ ತಂದು ಮೀರಾಸಾಹೇಬರ ದರ್ಗಾದ ಆವರಣದಲ್ಲಿ ದಫನ್ ಮಾಡಲಾಯಿತು. ಉರುಸಿನ ಹೊತ್ತಿಗೆ ಅವರ ನೆನಪಿನಲ್ಲಿ ಅಲ್ಲಿ ಸಂಗೀತೋತ್ಸವ ನಡೆಯುತ್ತ ಬಂದಿದೆ. ಹೆಸರಾಂತ ಕಲಾವಿದರು ಬಂದು ಹಾಡಿ ಹೋಗುತ್ತಾರೆ.

ದನಿ ಹೋದ ದೂರ

ಈಗ ಮೊದಲಿನ ಮಾತಿಗೆ ಬರೋಣ. ಖಾನ್ ಸಾಹೇಬರ ಸಂಗೀತ ವಿಶ್ವವೇದಿಕೆಗೆ ಹೋದದ್ದು ಹೇಗೆ? ಅವರಿಂದ ಕಲಿತವರು ಮತ್ತು ಆ ಕಲಿತವರಿಂದ ಕಲಿತವರು ಅದನ್ನು ಒಯ್ದರು.

ಸವಾಯಿ ಗಂಧರ್ವರ ಬಳಿ ಕಲಿತವರಲ್ಲಿ ಗಂಗೂಬಾಯಿ ಹಾನಗಲ್ ಒಬ್ಬರು. ಅವರು 1913ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಅವರ ಹಾಡು ಕೇಳಲು ಖಾನ್ ಸಾಹೇಬರು ಆ ಮನೆಗೆ ಬರುತ್ತಿದ್ದರು. ಪುಟ್ಟ ಗಂಗೂಬಾಯಿ ಅಲ್ಲಿಯೇ ಅವರನ್ನು ಕಂಡಿದ್ದರು. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಈ ಬಾಲಕಿ ಹಾಡಿದ್ದಳು. ಮುಂದೆ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತ ಸವಾಯಿ ಗಂಧರ್ವರ ಬಳಿ ಪಾಠ ಮಾಡಿಸಿಕೊಂಡರು. ಬಡತನವನ್ನೂ ಜಾತಿಯ ಅವಮಾನವನ್ನೂ ಸಹಿಸಿ ಬೆಳೆದ ಅವರು ಯುರೋಪ್, ಅಮೆರಿಕಗಳಲ್ಲಿ ಹಾಡಿದರು. 2002ರಲ್ಲಿ ಪದ್ಮವಿಭೂಷಣ ಅವರಿಗೆ ಬಂತು.

ಭೀಮಸೇನ ಜೋಶಿಯವರ ದನಿ ಕೇಳದ ಭಾರತೀಯರೇ ಇಲ್ಲವೆನ್ನಬಹುದು. 1988ರಲ್ಲಿ ದೂರದರ್ಶನದಲ್ಲಿ ಬಂದ ಮಿಲೇ ಸುರ್ ಮೇರಾ ತುಮ್ಹಾರಾ ಹಾಡು ಆರಂಭವಾಗುವುದು ಅವರ ಕಂಠದಿಂದ. ಅವರೂ ಯುರೋಪ್, ಅಮೆರಿಕಗಳನ್ನು ಸುತ್ತಿದರು. 2008ರಲ್ಲಿ ಭಾರತರತ್ನ ಘೋಷಣೆಯಾಯಿತು. ಸವಾಯಿ ಗಂಧರ್ವರ ನೆನಪಿಗೆ ಪುಣೆಯಲ್ಲಿ 1953ರಲ್ಲಿ ಅವರು ಆರಂಭಿಸಿದ ಸಂಗೀತೋತ್ಸವ ದೇಶದ ಅತಿ ದೊಡ್ಡ ಸಂಗೀತ ಮೇಳಗಳಲ್ಲಿ ಒಂದು. ಸವಾಯಿ ಗಂಧರ್ವರಿಂದ ಕಲಿತ ಇನ್ನಿಬ್ಬರನ್ನೂ ಇಲ್ಲಿ ನೆನೆಯಬೇಕು. ಬಸವರಾಜ ರಾಜಗುರು ಕುಂದಗೋಳ ತಾಲ್ಲೂಕಿನ ಯಲಿವಾಳದವರು, ಫಿರೋಜ್ ದಸ್ತೂರ್ ಮುಂಬಯಿಯ ಪಾರಸಿ.

ಖಾನ್ ಸಾಹೇಬರ ಬಂಧುವೂ ಶಿಷ್ಯೆಯೂ ಆದ ರೋಶನ್ ಆರಾ ಬೇಗಂ ದೇಶ ವಿಭಜನೆಯ ನಂತರ ಪಾಕಿಸ್ತಾನಕ್ಕೆ ಹೋದರು. ಅಲ್ಲಿ ಸಂಗೀತದ ರಾಣಿ ಎಂದು ಹೆಸರಾದರು. ಗಡಿ ಎರಡು ಮಾಡಿದ ನೆಲದಲ್ಲಿ ಒಂದೇ ಗುರುವಿನ ಹಾಡು ಎರಡೂ ಕಡೆ ಉಳಿಯಿತು. ಕೇಸರಬಾಯಿ ಕೇರ್ಕರ್ ಅವರು ಚಿಕ್ಕ ಹುಡುಗಿಯಾಗಿದ್ದಾಗ ಕೊಲ್ಹಾಪುರದಲ್ಲಿ ಎಂಟು ತಿಂಗಳು ಖಾನ್ ಸಾಹೇಬರಿಂದ ಪಾಠ ಹೇಳಿಸಿಕೊಂಡಿದ್ದರು. ಮುಂದೆ ಅವರು ಅಲ್ಲಾದಿಯಾ ಖಾನ್ ಅವರ ಶಿಷ್ಯೆಯಾಗಿ ದೊಡ್ಡ ಗಾಯಕಿಯಾದರು. 1977ರಲ್ಲಿ ಅಮೆರಿಕ ಹಾರಿಸಿದ ವಾಯೇಜರ್ ನೌಕೆಗಳಲ್ಲಿ ಭೂಮಿಯ ಸಂಗೀತದ ಮಾದರಿಯೆಂದು ಇಟ್ಟ ಚಿನ್ನದ ತಟ್ಟೆಯಲ್ಲಿ ಕೇಸರಬಾಯಿಯವರ ಒಂದು ಹಾಡಿದೆ. ಆ ನೌಕೆಗಳು ಈಗ ಸೌರಮಂಡಲದ ಗ್ರಹಗಳನ್ನೆಲ್ಲ ದಾಟಿ ಹೋಗಿವೆ.

ಈ ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿ. ಮುಸ್ಲಿಂ ಉಸ್ತಾದರು, ಬ್ರಾಹ್ಮಣ ಶಿಷ್ಯ, ಸಮಾಜ ದೂರವಿಟ್ಟ ಮನೆತನದ ಹೆಣ್ಣುಮಗಳು, ಲಿಂಗಾಯತ ಗಾಯಕ, ಪಾರಸಿ ಗಾಯಕ. ಇವರನ್ನು ಒಂದೆಡೆ ಕೂಡಿಸಿದ್ದು ಯಾವ ಭಾಷಣವೂ ಅಲ್ಲ. ಯಾರ ಬಳಿ ವಿದ್ಯೆಯಿದೆಯೋ ಅವರ ಕಾಲ ಬಳಿ ಕೂರಬೇಕು, ಕಲಿಯಲು ಬಂದವನಿಗೆ ವಿದ್ಯೆ ಕೊಡಬೇಕು ಎಂಬ ಎರಡು ಸಾದಾ ನಿಯಮಗಳು ಅವರನ್ನು ಕೂಡಿಸಿದವು. ಖಾನ್ ಸಾಹೇಬರು ಧಾರವಾಡಕ್ಕೆ ಬಂದಾಗ ಅವರಿಗೆ ಕನ್ನಡ ಮಾತೃಭಾಷೆಯಾಗಿರಲಿಲ್ಲ, ಇಲ್ಲಿನವರಿಗೆ ಖಯಾಲಿನ ಅರ್ಥ ಪೂರ್ತಿ ಗೊತ್ತಿರಲಿಲ್ಲ. ಆದರೂ ಕೊಡುವವರು, ತೆಗೆದುಕೊಳ್ಳುವವರು ಇಬ್ಬರೂ ಮನಸ್ಸು ದೊಡ್ಡದು ಮಾಡಿದ್ದರಿಂದ ಈ ನೆಲಕ್ಕೆ ಇಷ್ಟು ಕೀರ್ತಿ ಬಂತು. ಒಂದು ಕಡೆಯವರು ಬಾಗಿಲು ಹಾಕಿಕೊಂಡಿದ್ದರೂ ನಮ್ಮ ಸಂಗೀತದ ಇತಿಹಾಸ ಬೇರೆಯೇ ಆಗಿರುತ್ತಿತ್ತು.

ತಾಲ್ಲೂಕಿನ ಊರಿನಲ್ಲಿ ಓದುತ್ತಿದ್ದೇವೆ, ನಮ್ಮಿಂದ ಏನಾದೀತು ಎಂಬ ಅಳುಕು ನಮ್ಮಲ್ಲಿ ಹಲವರಿಗಿದೆ. ಕುಂದಗೋಳ ಆಗ ಬೈಲಹೊಂಗಲಕ್ಕಿಂತ ದೊಡ್ಡ ಊರೇನೂ ಆಗಿರಲಿಲ್ಲ. ಅಲ್ಲಿಗೆ ಒಬ್ಬ ಒಳ್ಳೆಯ ಗುರು ಬಂದರು, ಅವರ ಮಾತು ಕೇಳುವ ಒಬ್ಬ ಹುಡುಗನಿದ್ದ, ಅಷ್ಟೇ. ಕಿತ್ತೂರು ದಾಟಿ ಧಾರವಾಡಕ್ಕೆ, ಅಲ್ಲಿಂದ ಹುಬ್ಬಳ್ಳಿ ಮಾರ್ಗವಾಗಿ ಕುಂದಗೋಳಕ್ಕೆ ಬಸ್ಸಿನಲ್ಲಿ ಒಂದೇ ದಿನದಲ್ಲಿ ಹೋಗಿ ಬರಬಹುದು. ನಾಡಿಗೇರ ವಾಡೆ ಇಂದಿಗೂ ಅಲ್ಲಿದೆ. ಸವಾಯಿ ಗಂಧರ್ವರ ಪುಣ್ಯಸ್ಮರಣೆಯ ಅಹೋರಾತ್ರಿ ಸಂಗೀತ ಅಲ್ಲಿ ನಡೆದುಬಂದಿದೆ. ಅಲ್ಲಿಯವರೆಗೆ ಹೋಗಲಾಗದಿದ್ದರೂ ಖಾನ್ ಸಾಹೇಬರ ಒಂದು ತಟ್ಟೆಯ ಹಾಡನ್ನು ಮೊಬೈಲಿನಲ್ಲಿ ಹುಡುಕಿ ಕೇಳಿ. ಹಳೆಯ ತಟ್ಟೆಯ ಕರಕರ ಸದ್ದಿನ ಹಿಂದೆ ಆ ತೆಳು ದನಿ ಕೇಳುತ್ತದೆ. ಬೇಕಾದದ್ದು ಮೂರೇ ನಿಮಿಷ.